ತಲೆಯ ಆಪರೇಷನ್ ಆದ ಮೇಲೆ ಅಪ್ಪ ಸದಾ ಮಲಗಿರುತ್ತಾರೆ

ಪ್ರಶ್ನೆ: ನನ್ನ ತಂದೆಯವರಿಗೆ 58 ವರ್ಷ. ಹಣೆಯ ಬಲಭಾಗದ ಹಿಂದೆ, ಮಿದುಳಿನ ಹೊದಿಕೆಯಲ್ಲಿ ಬೆಳೆದಿದ್ದ ಮೆನಿಂಜಿಯೋಮಾ ಎಂಬ ಗಡ್ಡೆಯನ್ನು ಮೂರು ವಾರಗಳ ಹಿಂದೆ ತೆಗೆದರು. ಅದು ಕ್ಯಾನ್ಸರ್ ಅಲ್ಲ, ಪೂರ್ತಿಯಾಗಿ ತೆಗೆದಿದ್ದೇವೆ ಎಂದು ವೈದ್ಯರು ತಿಳಿಸಿದ್ದಾರೆ. ಆದರೆ ಐಸಿಯುನಲ್ಲಿ ಮೊದಲ ರಾತ್ರಿ ಅವರನ್ನು ಗಂಟೆಗೊಮ್ಮೆ ಎಬ್ಬಿಸುತ್ತಿದ್ದರು. ಮೂರನೆಯ ದಿನ ಬಲಗಣ್ಣು ಮುಚ್ಚಿಹೋಗುವಷ್ಟು ಮುಖ ಊದಿಕೊಂಡಿತು, ಆ ರಾತ್ರಿ ನನ್ನನ್ನು ತಮ್ಮ ತಂಗಿಯೆಂದು ತಿಳಿದು ಮಾತನಾಡಿಸಿದರು. ಈಗ ಮನೆಯಲ್ಲಿದ್ದಾರೆ. ದಿನದ ಬಹುಪಾಲು ಮಲಗಿರುತ್ತಾರೆ, ಸಣ್ಣದಕ್ಕೂ ಸಿಡುಕುತ್ತಾರೆ, ತಲೆಯೊಳಗೆ ಏನೋ ‘ಟಕ್’ ಎನ್ನುತ್ತದೆ ಎನ್ನುತ್ತಾರೆ. ಎಲ್ಲೋ ತಪ್ಪಾಗಿದೆಯೇ ಎಂಬ ಭಯ ಕಾಡುತ್ತಿದೆ.
— ಒಬ್ಬ ಮಗಳು

ಉತ್ತರ: ನಿಮ್ಮ ಭಯ ಸಹಜವಾದದ್ದು. ಆಸ್ಪತ್ರೆಯಲ್ಲಿ ಹಗಲಿರುಳು ಯಾರಾದರೂ ಕಾಯುತ್ತಿದ್ದ ವ್ಯಕ್ತಿಯನ್ನು ಮನೆಗೆ ತಂದ ಮರುದಿನದಿಂದ ಆ ಕಾವಲು ನಿಮ್ಮೊಬ್ಬರ ಮೇಲೆ ಬಿದ್ದಿದೆ. ನೀವು ಬರೆದಿರುವ ಪ್ರತಿಯೊಂದು ಲಕ್ಷಣವೂ ತೊಂದರೆಯಿಲ್ಲದ ಚೇತರಿಕೆಯಲ್ಲಿಯೂ ಕಾಣುವಂಥದ್ದು. ಆದರೂ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದು ನಿಮಗೆ ಖಚಿತವಾಗಿ ತಿಳಿದಿರಬೇಕು.

ಮೊದಲ ರಾತ್ರಿ ದಾದಿಯರು ಅವರನ್ನು ಎಬ್ಬಿಸಿ ಹೆಸರು ಕೇಳಿ, ಕೈ ಹಿಸುಕಲು ಹೇಳಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದ್ದು ಅಂದಿನ ಅತ್ಯಂತ ಮುಖ್ಯವಾದ ಪರೀಕ್ಷೆ. ತಲೆಬುರುಡೆಯೊಳಗೆ ರಕ್ತ ಸೇರಿದರೆ ಅದರ ಮೊದಲ ಸುಳಿವು ಅನೇಕ ವೇಳೆ ಎಚ್ಚರದ ಮಟ್ಟ ಕುಗ್ಗುವುದರಲ್ಲಿಯೇ ಸಿಗುತ್ತದೆ. ಅದನ್ನು ಅಳೆಯಲು ಬಳಸುವ ಗ್ಲಾಸ್ಗೋ ಮಾಪಕ 1974ರಲ್ಲಿ ರೂಪುಗೊಂಡಿತು. ಕಣ್ಣು ತೆರೆಯುವುದು, ಮಾತು ಮತ್ತು ಚಲನೆ ಎಂಬ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಹೀಗಾಗಿ ಆ ರಾತ್ರಿ ಅವರ ನಿದ್ದೆಗಿಂತ ಅವರ ಉತ್ತರವೇ ಹೆಚ್ಚು ಬೆಲೆಯುಳ್ಳದ್ದಾಗಿತ್ತು.

ಹಣೆಯ ಭಾಗದಲ್ಲಿ ಚರ್ಮವನ್ನು ಬಿಡಿಸಿ ಮೂಳೆ ತೆರೆದಾಗ ಅಲ್ಲಿ ಸೇರುವ ದ್ರವ ಕೆಳಗಿಳಿದು ಕಣ್ಣಿನ ರೆಪ್ಪೆಗಳಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಊತ ಆಪರೇಷನ್ ಆದ ದಿನಕ್ಕಿಂತ ಎರಡನೆಯ, ಮೂರನೆಯ ದಿನ ಹೆಚ್ಚಾಗಿ ಕಾಣುತ್ತದೆ. ಮಿದುಳಿನ ಬಾವು ಹೆಚ್ಚಾಗುವುದೂ ಸುಮಾರಾಗಿ ಅದೇ ದಿನಗಳಲ್ಲಿ. ಅದಕ್ಕೆ ಅರಿವಳಿಕೆ, ನಿದ್ದೆಗೇಡು, ಹಗಲು ರಾತ್ರಿಯ ವ್ಯತ್ಯಾಸವಿಲ್ಲದ ಐಸಿಯುನ ಬೆಳಕು ಸೇರಿದಾಗ ಗುರುತು ತಪ್ಪುವುದು, ಗೊಂದಲದ ಮಾತು ಬರುವುದು ಉಂಟು. ಅಂಥ ಗೊಂದಲವನ್ನು ಆಸ್ಪತ್ರೆಯಲ್ಲಿ ಕೂಡಲೇ ಪರೀಕ್ಷಿಸುತ್ತಾರೆ. ಅದು ಅಲ್ಲಿಯೇ ತಿಳಿಯಾಗಿದ್ದರೆ ಆ ಒಂದು ರಾತ್ರಿಯನ್ನು ನೆನೆದು ನೀವು ಈಗ ಕೊರಗಬೇಕಿಲ್ಲ.

‘ಟಕ್’ ಎಂಬ ಸದ್ದು ತೆಗೆದು ಮತ್ತೆ ಕೂರಿಸಿದ ಮೂಳೆಯ ತುಂಡಿನದು. ಅದನ್ನು ಸಾಮಾನ್ಯವಾಗಿ ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಅಂಚುಗಳು ಬೆಸೆದುಕೊಳ್ಳಲು ತಿಂಗಳುಗಳೇ ಬೇಕಾಗುವುದರಿಂದ ಅಷ್ಟರವರೆಗೆ ಸದ್ದು ಕೇಳಿಸಬಹುದು. ಗಾಯದ ಹಿಂದಿನ ನೆತ್ತಿ ಮರಗಟ್ಟಿದಂತಿರುವುದು, ಅಗಿಯುವಾಗ ಕಣತಲೆ (ಕಣ್ಣು, ಕಿವಿಗಳ ನಡುವಿನ ಭಾಗ) ನೋಯುವುದು ಕೂಡ ಕತ್ತರಿಸಿದ ನರ ಮತ್ತು ಸ್ನಾಯುಗಳಿಂದಲೇ.

ಈಗ ನಿದ್ದೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ. ಹೊಲಿಗೆ ಒಣಗಿದ ಕೂಡಲೇ ಮನುಷ್ಯ ಗುಣವಾದನೆಂದು ಮನೆಯವರು ತಿಳಿಯುತ್ತಾರೆ, ಆದರೆ ಒಳಗಿನ ದಣಿವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಸೋಮಾರಿತನವೆಂದೋ ಮನಸ್ಸಿನ ದೌರ್ಬಲ್ಯವೆಂದೋ ಎಣಿಸಿ ಅವರನ್ನು ಬಲವಂತವಾಗಿ ಕೂರಿಸಬೇಡಿ. ಇಬ್ಬರು ಒಟ್ಟಿಗೆ ಮಾತನಾಡುವುದು, ಟಿವಿಯ ಸದ್ದು, ಸಾಲುಸಾಲಾಗಿ ಬರುವ ನೆಂಟರು, ಇವೆಲ್ಲ ಮೊದಲು ಅವರಿಗೆ ಭಾರವೆನಿಸಿರಲಿಲ್ಲ, ಈಗ ಎನಿಸುತ್ತವೆ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ನಡೆಸಿ, ನಡುವೆ ಮಲಗಲು ಬಿಡಿ. ಸಿಡುಕಿಗೆ ಔಷಧವೂ ಕಾರಣವಿರಬಹುದು. ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ರಾತ್ರಿಯ ನಿದ್ದೆಯನ್ನು ಕೆಡಿಸಿ, ಹಸಿವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಫಿಟ್ಸ್ ಬಾರದಂತೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ವಿಪರೀತ ಕೋಪ ತರಿಸುತ್ತದೆ. ಇವುಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಡೆಕ್ಸಾಮೆಥಾಸೋನ್ ಹಠಾತ್ತನೆ ಬಿಟ್ಟರೆ ದೇಹ ಕುಸಿಯಬಹುದು, ಲೆವೆಟಿರಾಸೆಟಮ್ ಬಿಟ್ಟರೆ ಫಿಟ್ಸ್ ಬರಬಹುದು. ಕೋಪದ ವಿಷಯವನ್ನು ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ಆದರೆ ದಣಿವಿನ ನಿದ್ದೆ ಬೇರೆ, ಮಂಪರು ಬೇರೆ. ಕರೆದರೆ ಎದ್ದು ಸರಿಯಾಗಿ ಮಾತನಾಡುವುದು ದಣಿವು. ಎಬ್ಬಿಸುವುದೇ ಕಷ್ಟವಾದರೆ, ನಿದ್ದೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಮಾತು ತೊದಲಿದರೆ, ತಲೆನೋವು ಏರುತ್ತ ವಾಂತಿಯಾದರೆ, ಫಿಟ್ಸ್ ಬಂದರೆ ಅಥವಾ ಒಂದು ಕೈಕಾಲು ಸೋತರೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರದೊಂದಿಗೆ ಕತ್ತು ಬಿಗಿಯುವುದು, ಗಾಯದಿಂದ ಕೀವು ಅಥವಾ ತಿಳಿನೀರು ಬರುವುದು, ಮೂಗಿನಿಂದ ನೀರಿನಂಥ ದ್ರವ ತೊಟ್ಟಿಕ್ಕುವುದು, ಒಂದೇ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಇವಕ್ಕೂ ಬೆಳಗಾಗಲೆಂದು ಕಾಯಬಾರದು.

ಒಂದು ಪುಸ್ತಕದಲ್ಲಿ ದಿನವೂ ನಾಲ್ಕು ಸಾಲು ಬರೆದಿಡಿ: ಎಷ್ಟು ಹೊತ್ತು ಎಚ್ಚರವಿದ್ದರು, ಎಷ್ಟು ನಡೆದರು, ತಲೆನೋವು ಹೇಗಿತ್ತು, ಯಾವ ಮಾತ್ರೆ ಕೊಟ್ಟಿರಿ. ನಿನ್ನೆಯೊಂದಿಗೆ ಇಂದನ್ನು ಹೋಲಿಸಿದರೆ ಎದೆಗುಂದುತ್ತೀರಿ, ಈ ಭಾನುವಾರವನ್ನು ಹಿಂದಿನ ಭಾನುವಾರದೊಂದಿಗೆ ಹೋಲಿಸಿ. ಮುಂದಿನ ಭೇಟಿಗೆ ಆ ಪುಸ್ತಕವನ್ನೇ ಒಯ್ದು, ಗಡ್ಡೆಯ ಪೆಥಾಲಜಿ ವರದಿ, ಮುಂದಿನ ಎಂಆರ್‌ಐ ಯಾವಾಗ, ವಾಹನ ಓಡಿಸಲು ಯಾವಾಗ ಅನುಮತಿ ಎಂಬ ಮೂರನ್ನೂ ಕೇಳಿಕೊಂಡು ಬನ್ನಿ. ಅವರೇ ಅನುಮತಿ ಕೊಡುವವರೆಗೆ ವಾಹನದ ಕೀಲಿ ನಿಮ್ಮ ಬಳಿಯೇ ಇರಲಿ.