ಪ್ರಿಂಟಿನ ಬಿಳುಪು ಬೂದಿ ಬಣ್ಣ ಆಗೋದಕ್ಕ
ಆನೆಗೊಂದಿ ಬಂಡೆಗಳ 35 ಎಂಎಂ ನೆಗೆಟಿವ್ ಎನ್‌ಲಾರ್ಜರಿನ (ನೆಗೆಟಿವ್ ದೊಡ್ಡದು ಮಾಡಿ ಪೇಪರಿನ ಮ್ಯಾಲೆ ಬೀಳಿಸೋ ಯಂತ್ರ) 6×6 ಸೆಂ.ಮೀ. ಕ್ಯಾರಿಯರ್‌ನಾಗ, ಅಂದ್ರ ನೆಗೆಟಿವ್ ಹಿಡಿಯೋ ಚೌಕಟ್ಟಿನಾಗ, ಇಟ್ರ ಪ್ರಿಂಟಿನಾಗ ಆಕಾಶ ಬೂದಿ ಬಣ್ಣ ಆಗತೈತಿ ಅಂದ್ರಿ. ಪೇಪರ್ ಗ್ರೇಡ್ (ಕಪ್ಪು-ಬಿಳುಪಿನ ಅಂತರದ ಮಟ್ಟ) ಬದಲಿಸೋ ಮೊದಲು ಕ್ಯಾರಿಯರ್ ನೋಡ್ರಿ ಸರ. ನೆಗೆಟಿವ್ ಸುತ್ತಲಿನ ಖಾಲಿ ಜಾಗ, ಫಿಲ್ಮ್ ಅಂಚಿನ ತೂತು, ಎರಡರಿಂದಲೂ ನುಗ್ಗೋ ಬೆಳಕು ಲೆನ್ಸ್‌ನಾಗ ಚದುರಿ ಇಡೀ ಪೇಪರಿನ ಮ್ಯಾಲೆ ಬೀಳತೈತಿ. ಮೊದಲು ಕೆಡೋದು ಬಿಳಿ ಭಾಗನ.

ಹೊಳಪಿಲ್ಲದ ತೆಳು ಕಪ್ಪು ಕಾರ್ಡ್‌ಶೀಟ್ ತಗೊಂಡು 24×36 ಮಿ.ಮೀ. ಕಿಂಡಿ ಕೊರೀರಿ; ಇದ ಕ್ಯಾರಿಯರ್‌ನಾಗ ನೆಗೆಟಿವ್ ಸುತ್ತಲಿನ ಬೆಳಕು ತಡಿಯೋ ಮಾಸ್ಕ್. ಬ್ಲೇಡ್ ಹೊಸದಿರಲಿ, ಇಲ್ಲಾಂದ್ರ ಅಂಚಿನ ಎಳಿ ಪ್ರಿಂಟಿನಾಗ ಕೂದಲದಂಗ ಕಾಣತೈತಿ. ಕೊರೆದ ಅಂಚು ಬೆಳ್ಳಗಿದ್ರ ಕಪ್ಪು ಮಾರ್ಕರ್ ಬಳೀರಿ. ಫಿಲ್ಮಿಗೆ ಟೇಪ್ ಮಾತ್ರ ಹಚ್ಚಬ್ಯಾಡ್ರಿ: ನಮ್ಮ ಕೊಪ್ಪಳದ ಬ್ಯಾಸಗಿ, ಮ್ಯಾಲೆ ಎನ್‌ಲಾರ್ಜರ್ ಬಲ್ಬಿನ ಕಾವು, ಅಂಟು ಇಳಿದು ನೆಗೆಟಿವ್ ಹಾಳಾಗತೈತಿ. ಮಾಸ್ಕ್ ಹಾಕಿದ ಮ್ಯಾಲೂ ಬೂದಿ ಬಣ್ಣನ ಉಳಿದ್ರ ಸೇಫ್‌ಲೈಟ್ (ಡಾರ್ಕ್‌ರೂಮಿನ ಮಂದ ದೀಪ) ಆರಿಸಿ ಒಂದು ತುಂಡು ಪ್ರಿಂಟ್ ಹಾಕಿ ನೋಡ್ರಿ.