ವಾಹನದ ಹಿಂದೆ ಎಳೆದೊಯ್ಯುವ ಮನೆಯಂಥ ಕ್ಯಾಂಪರ್ ಟ್ರೇಲರ್‌ನ ಚಾವಣಿ ಮೇಲೆ ಹತ್ತಬಹುದಾ? ಅದನ್ನು ನೋಡಿಕೊಳ್ಳೋದು ಹೇಗೆ?

ಮೊದಲು ಟ್ರೇಲರ್ ಜೊತೆ ಬಂದ ಕೈಪಿಡಿ ನೋಡಿ. ಚಾವಣಿ ಮೇಲೆ ನಡೆಯಬಹುದು ಅಂತ ಅದರಲ್ಲಿ ಇಲ್ಲದಿದ್ದರೆ ಹತ್ತಬೇಡಿ, ಏಣಿ ಮೇಲೆ ನಿಂತೇ ಕೆಲಸ ಮಾಡಿ.

ಅಮೆರಿಕದ ಎಷ್ಟೋ ಟ್ರೇಲರ್‌ಗಳ ಚಾವಣಿ ಅಂದರೆ ತೆಳು ಪ್ಲೈವುಡ್, ಅದರ ಮೇಲೆ ಅಂಟಿಸಿದ ಇಪಿಡಿಎಂ ಎಂಬ ರಬ್ಬರ್ ಹಾಳೆ, ಅಷ್ಟೇ. ನಿಜವಾಗಿ ಭಾರ ಹೊರುವುದು ಕೆಳಗಿನ ಅಡ್ಡಪಟ್ಟಿಗಳು. ಎರಡು ಪಟ್ಟಿಗಳ ನಡುವೆ ಕಾಲಿಟ್ಟರೆ ಪ್ಲೈವುಡ್ ಬಗ್ಗುತ್ತದೆ. ಹಾಗಾಗಿ ಹತ್ತಲು ಅನುಮತಿ ಇದ್ದರೂ ಅಗಲವಾದ ಹಲಗೆ ಹಾಸಿ, ಅದರ ಮೇಲೆ ಮಂಡಿಯೂರಿ. ಭಾರ ಹಂಚಿಹೋಗುತ್ತದೆ.

ಚಕ್ರಗಳಿಗೆ ಅಡ್ಡ ಕೊಟ್ಟ ಮೇಲೆಯೇ ಏಣಿ ಇಡಿ. 4 ಅಡಿ ಎತ್ತರಕ್ಕೆ ಬುಡ 1 ಅಡಿ ಹೊರಗಿರಲಿ. ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಇಬ್ಬನಿ ಬಿದ್ದ ಬೆಳಿಗ್ಗೆ ದಯವಿಟ್ಟು ಬೇಡ, ಒದ್ದೆ ರಬ್ಬರ್ ತುಂಬಾ ಜಾರುತ್ತದೆ.

ಸೋರಿಕೆ ಶುರುವಾಗುವುದು ಹೆಚ್ಚಾಗಿ ಹಾಳೆಯ ನಡುವಿನಿಂದಲ್ಲ. ಗಾಳಿಕಿಂಡಿ, ಆಂಟೆನಾ, ಅಂಚುಗಳ ಸುತ್ತ ಹಚ್ಚಿದ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಿಸಿಲಿಗೆ ಬಿರುಕು ಬಿಟ್ಟಲ್ಲಿಂದ. ಅಲ್ಲಿಂದ ಇಳಿದ ನೀರು ಒಳಗಿನ ಪ್ಲೈವುಡ್ಡನ್ನು ಸದ್ದಿಲ್ಲದೆ ಕೊಳೆಸುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಅಲ್ಲೆಲ್ಲ ಕಣ್ಣಾಡಿಸಿ.

ತೊಳೆಯಲು ಸೋಪುನೀರು ಸಾಕು. ಪೆಟ್ರೋಲಿಯಂ ಇರುವ ಕ್ಲೀನರ್ ತಾಗಿದರೆ ಇಪಿಡಿಎಂ ರಬ್ಬರ್ ಉಬ್ಬುತ್ತದೆ. ಬಿರುಕಿಗೆ ಸಿಲಿಕೋನ್ ಕೂಡ ಹಚ್ಚಬೇಡಿ. ಮುಂದೆ ಅದರ ಮೇಲೆ ಬೇರೆ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲ.