ಹಳೇ ಪಿಎಚ್‌ಪಿಗೆ ಸಪೋರ್ಟ್ ನಿಲ್ಲಿಸುವುದು ಯಾವಾಗ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಸಣ್ಣ ಕಂಪನಿ. ಅಂಗಡಿ, ಗೋದಾಮುಗಳ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಗ್ರಾಹಕರು ಅದನ್ನು ತಮ್ಮ ಸರ್ವರ್‌ನಲ್ಲೇ ಹಾಕಿಕೊಳ್ಳುತ್ತಾರೆ. ಇವತ್ತಿಗೂ ಅದು ಪಿಎಚ್‌ಪಿ (ವೆಬ್ ಸಾಫ್ಟ್‌ವೇರ್ ಬರೆಯುವ ಭಾಷೆ) 7.4ರಲ್ಲಿ ಓಡುವ ಹಾಗೆ ನೋಡಿಕೊಳ್ಳುತ್ತಿದ್ದೇವೆ. ಕೋಡ್ ಬರೆಯುವ ಹುಡುಗರು 8.2ಕ್ಕೆ ಹೋಗೋಣ ಅಂತಾರೆ. ಸೇಲ್ಸ್‌ನವರು "ಮೂರರಲ್ಲೊಬ್ಬ ಗ್ರಾಹಕ ಇನ್ನೂ ಸೆಂಟ್‌ಓಎಸ್ 7 ಅನ್ನುವ ಹಳೇ ಲಿನಕ್ಸ್‌ನಲ್ಲಿದ್ದಾನೆ, ಮುಟ್ಟಲೇಬೇಡಿ" ಅಂತಾರೆ. ಹಳೆಯದನ್ನು ಕೈಬಿಡಲು ಸರಿಯಾದ ಸಮಯ ಅಂತ ಒಂದಿದೆಯೇ?

ಉತ್ತರ: ಇದೆ. ಸೆಂಟ್‌ಓಎಸ್ 7ರ ಮಟ್ಟಿಗೆ ಅದು ಆಗಲೇ ದಾಟಿಹೋಗಿದೆ. ಹಾಗಂತ ಮುಂದಿನ ರಿಲೀಸ್‌ನಲ್ಲೇ ಕಿತ್ತುಹಾಕಿ ಅಂತ ಹೇಳುತ್ತಿಲ್ಲ.

ಪಿಎಚ್‌ಪಿ ತಂಡ 7.4ಕ್ಕೆ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕೊಡುವುದನ್ನು 2022ರ ನವೆಂಬರ್ 28ಕ್ಕೆ ನಿಲ್ಲಿಸಿತು. ತುಂಬಾ ಜನ ಈ ತಾರೀಖು ನೋಡಿ ಅಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಆದರೆ ಡೆಬಿಯನ್ 11 ಅನ್ನುವ ಲಿನಕ್ಸ್ ಜೊತೆ ಬರುವುದೂ ಇದೇ 7.4. ಡೆಬಿಯನ್‌ನ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) ತಂಡ ಅದಕ್ಕೆ ಪ್ಯಾಚ್ ಹಾಕುವ ಗಡುವನ್ನು 2026ರ ಆಗಸ್ಟ್‌ವರೆಗೆ ಇಟ್ಟುಕೊಂಡಿದೆ. ಹಾಗಾಗಿ ನಂಬರ್ ಒಂದನ್ನೇ ನೋಡಿದರೆ ಸಾಲದು, ಆ ಪಿಎಚ್‌ಪಿ ಗ್ರಾಹಕರ ಸರ್ವರ್‌ಗೆ ಎಲ್ಲಿಂದ ಬಂತು ಅಂತಲೂ ನೋಡಬೇಕು. ಸೆಂಟ್‌ಓಎಸ್ 7ರ ಸ್ವಂತ ಪಿಎಚ್‌ಪಿ 5.4. ಅಂದರೆ ನಿಮ್ಮ ಗ್ರಾಹಕರು 7.4 ಅನ್ನು ರೆಮಿಯಂಥ ಹೊರಗಿನ ರೆಪೊದಿಂದ (ಪ್ಯಾಕೇಜುಗಳ ಸಂಗ್ರಹದಿಂದ) ತಂದು ಹಾಕಿಕೊಂಡಿದ್ದಾರೆ. ಸೆಂಟ್‌ಓಎಸ್ 7 ಅಂತೂ 2024ರ ಜೂನ್ 30ಕ್ಕೆ ಮುಗಿಯಿತು. ಆ ಸರ್ವರ್‌ನಲ್ಲಿ ಸುಮ್ನೆ ಒಂದು 'ಯಮ್ ಇನ್‌ಸ್ಟಾಲ್' (ಪ್ಯಾಕೇಜು ಹಾಕುವ ಕಮಾಂಡ್) ಹೊಡೆದು ನೋಡಿ. ರೆಪೊ ಫೈಲನ್ನು ಯಾರೂ ತಿದ್ದಿಲ್ಲದಿದ್ದರೆ, ಮಿರರ್‌ಲಿಸ್ಟ್ (ಪ್ಯಾಕೇಜು ಸಿಗುವ ಸರ್ವರ್‌ಗಳ ಪಟ್ಟಿ) ವಿಳಾಸವೇ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ಪ್ಯಾಕೇಜುಗಳೆಲ್ಲ 'ವಾಲ್ಟ್' ಅನ್ನುವ ಹಳೇ ಸಂಗ್ರಹಕ್ಕೆ ಹೋಗಿವೆ. ಫೈಲ್ ತಿದ್ದಿ ಅಲ್ಲಿಗೆ ತಿರುಗಿಸಿದರೆ ಇನ್‌ಸ್ಟಾಲ್ ಏನೋ ಆಗುತ್ತದೆ. ಹೊಸ ಪ್ಯಾಚ್ ಮಾತ್ರ ಒಂದೂ ಬರುವುದಿಲ್ಲ.

ನಾನು ಪಾಲಿಸುವ ಅಳತೆ ಇದು: ಭಾಷೆಯ ತಂಡ, ಓಎಸ್ ಕೊಡುವವರು, ಇಬ್ಬರಲ್ಲಿ ಯಾರಿಂದಲೂ ಪ್ಯಾಚ್ ಬಾರದ ಜಾಗದಲ್ಲಿ ನನ್ನ ಹೊಸ ವರ್ಷನ್ ಓಡಲೇಬೇಕು ಅಂತಿಲ್ಲ. ಇಬ್ಬರಲ್ಲಿ ಒಬ್ಬರು ಕೊಡುತ್ತಿದ್ದರೂ ತಾಳುತ್ತೇನೆ.

ಇದೇ ಅಳತೆ ಹಿಡಿದರೆ ನಿಮ್ಮ ಹುಡುಗರು ಕೇಳಿದ್ದೆಲ್ಲವೂ ಸಿಗುವುದಿಲ್ಲ. ಉಬುಂಟು 22.04 ಅನ್ನುವ ಲಿನಕ್ಸ್‌ನಲ್ಲಿ ಇರುವುದು ಪಿಎಚ್‌ಪಿ 8.1. ಪಿಎಚ್‌ಪಿ ತಂಡ ಅದಕ್ಕೆ ಇಟ್ಟ ಗಡುವು 2025ರ ಡಿಸೆಂಬರ್ 31, ಆದರೆ ಉಬುಂಟುದವರ ಪ್ಯಾಚ್ 2027ರವರೆಗೆ ಇದೆ. ಅಂಥ ಗ್ರಾಹಕರಿದ್ದರೆ ಕನಿಷ್ಠ ವರ್ಷನ್ 8.1 ಅಂತ ಇಡಿ. ಕೋಡ್ ಬರೆಯುವವರು ಜಾಸ್ತಿ ಆಸೆಪಡುವ ಈನಮ್ (ನಿಗದಿತ ಮೌಲ್ಯಗಳ ಪಟ್ಟಿ), ರೀಡ್‌ಓನ್ಲಿ ಪ್ರಾಪರ್ಟಿ (ಒಮ್ಮೆ ಬರೆದ ಮೇಲೆ ಬದಲಾಗದ್ದು) ಎರಡೂ 8.1ರಲ್ಲೇ ಬಂದಿವೆ, ಅಲ್ವಾ? ಆದರೆ ನೀವು ಲಾರಾವೆಲ್ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಹುಡುಗರದೇ ಸರಿ. 8.1ರಲ್ಲಿ ಓಡುವ ಕೊನೆಯ ಲಾರಾವೆಲ್ 10, ಅದರ ಪ್ಯಾಚ್ 2025ರ ಫೆಬ್ರವರಿಗೆ ನಿಂತಿತು. 11ಕ್ಕೆ 8.2 ಬೇಕೇ ಬೇಕು. ಅಂಥದೇ ಇನ್ನೊಂದು ಫ್ರೇಮ್‌ವರ್ಕ್ ಸಿಂಫನಿ 6.4 ಆದರೆ 8.1ರಲ್ಲೇ ಓಡುತ್ತದೆ, 2027ರ ನವೆಂಬರ್‌ವರೆಗೆ ಪ್ಯಾಚ್ ಇದೆ. ಹೊಸ ಸಿಂಟ್ಯಾಕ್ಸ್ (ಕೋಡ್ ಬರೆಯುವ ರೂಪ) ಬೇಕು ಅನ್ನುವುದು ನನ್ನ ಮಟ್ಟಿಗೆ ಸಣ್ಣ ಕಾರಣ. ನಾವು ನೆಚ್ಚಿಕೊಂಡ ಲೈಬ್ರರಿಗೆ ಪ್ಯಾಚ್ ನಿಂತುಹೋಗಿದೆ ಅನ್ನುವುದು ದೊಡ್ಡ ಕಾರಣ.

ಇನ್ನು ಸೇಲ್ಸ್‌ನವರ ಭಯ. ಅವರಿಗೆ ಒಂದು ಮಾತು ಕೇಳಿ: ಆ ಸೆಂಟ್‌ಓಎಸ್ 7 ಗ್ರಾಹಕರು ನಿಮ್ಮ ಹೊಸ ವರ್ಷನ್‌ಗಳನ್ನಾದರೂ ಹಾಕಿಕೊಳ್ಳುತ್ತಿದ್ದಾರಾ? ಸಪೋರ್ಟ್‌ಗೆ ಬಂದ ಕರೆಗಳ ದಾಖಲೆ ತೆಗೆದು ನೋಡಿ. ವರ್ಷಗಟ್ಟಲೆ ಓಎಸ್ ಮುಟ್ಟದವರು ಸಾಮಾನ್ಯವಾಗಿ ನಿಮ್ಮ ಸಾಫ್ಟ್‌ವೇರನ್ನೂ ಮುಟ್ಟಿರುವುದಿಲ್ಲ. ಅವರಿಗೆ ಹೊಸ ರಿಪೋರ್ಟ್, ಹೊಸ ಸ್ಕ್ರೀನ್ ಬೇಡ. ಇರುವುದು ನಿಲ್ಲದೆ ಓಡಿದರೆ ಸಾಕು. ಅವರು ಹಾಕಿಕೊಳ್ಳದ ವರ್ಷನ್ ಅವರ ಸರ್ವರ್‌ನಲ್ಲಿ ಓಡಲಿ ಅಂತ ನೀವು ಇಷ್ಟು ದಿನ ಕಷ್ಟಪಟ್ಟಿದ್ದೀರಿ. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಕೊಡುವ ವರ್ಡ್‌ಪ್ರೆಸ್‌ನಂಥವರು ಹಳೇ ಪಿಎಚ್‌ಪಿ ಬಳಕೆ ಸುಮಾರು ಶೇ 5ಕ್ಕಿಂತ ಕೆಳಗಿಳಿಯಿತೇ ಅಂತ ನೋಡಿ ತೀರ್ಮಾನಿಸುತ್ತಾರೆ. ಅವರದು ಕೋಟಿಗಟ್ಟಲೆ ಸೈಟು. ನಿಮಗೆ ಶೇಕಡಾ ಲೆಕ್ಕ ಯಾಕೆ, ಒಬ್ಬೊಬ್ಬರಿಗೂ ಫೋನ್ ಮಾಡಬಹುದಲ್ಲ!

ಹಾಗಾಗಿ 7.4ರಲ್ಲಿ ಓಡುವ ಕೊನೆಯ ವರ್ಷನ್ ಯಾವುದು ಅಂತ ಈಗಲೇ ಹೇಳಿಬಿಡಿ. ಅದಕ್ಕೆ ಒಂದು ವರ್ಷ ಸೆಕ್ಯೂರಿಟಿ ತಿದ್ದುಪಡಿ ಮಾತ್ರ ಕೊಡಿ. ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಆದ ಜ್ಯಾಂಗೊದ ತಂಡ ಮಾಡಿದ್ದೂ ಹೀಗೇ. 2017ರ ಡಿಸೆಂಬರ್‌ನಲ್ಲಿ ಬಂದ 2.0ರಲ್ಲಿ ಪೈಥಾನ್ 2 ಅನ್ನು ಕೈಬಿಟ್ಟರು. ಆದರೆ ಅದರಲ್ಲಿ ಓಡುವ 1.11ಕ್ಕೆ 2020ರ ಏಪ್ರಿಲ್‌ವರೆಗೆ ಪ್ಯಾಚ್ ಕೊಟ್ಟರು. ಅಷ್ಟರಲ್ಲಿ ಪೈಥಾನ್ 2ರದೇ ಕಥೆ ಮುಗಿದಿತ್ತು.

ಕೈಬಿಡುವ ರೀತಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಮೈಕ್ರೋಸಾಫ್ಟ್‌ನ ಕೋಡ್ ಎಡಿಟರ್ ವಿಎಸ್ ಕೋಡ್ ಉದಾಹರಣೆ ಇದೆ. 2024ರ ಫೆಬ್ರವರಿ ಶುರುವಿನಲ್ಲಿ 1.86 ಬಂತು. ದೂರದ ಸರ್ವರ್‌ಗೆ ಕನೆಕ್ಟ್ ಆಗಲು ಆ ಸರ್ವರ್‌ನಲ್ಲಿ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.28 ಇರಬೇಕು ಅಂತಾಯಿತು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ಉಬುಂಟು 18.04ರಲ್ಲಿ 2.27. ಎಡಿಟರ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ನಿನ್ನೆ ಕೆಲಸ ಮಾಡಿದ ಸರ್ವರ್‌ಗೆ ಇವತ್ತು ಕನೆಕ್ಟ್ ಆಗುತ್ತಿಲ್ಲ! ಗಲಾಟೆ ಜೋರಾಯಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಹಿಂದೆ ಸರಿದು, ಎಚ್ಚರಿಕೆ ತೋರಿಸಿ ಇನ್ನೊಂದು ವರ್ಷ ಅವಕಾಶ ಕೊಟ್ಟಿತು. ಅವರ ತೀರ್ಮಾನ ತಪ್ಪಿರಲಿಲ್ಲ. ಆ ಒಂದು ವರ್ಷವನ್ನು ಮೊದಲೇ ಕೊಡಬೇಕಿತ್ತು, ಅಷ್ಟೇ.

ನಿಮ್ಮ ಅಪ್‌ಗ್ರೇಡ್ ಸ್ಕ್ರಿಪ್ಟ್ ಬಗ್ಗೆಯೂ ಒಂದು ಮಾತು. ಪಿಎಚ್‌ಪಿ ವರ್ಷನ್ ಚೆಕ್ ಮಾಡುವುದು ಡೇಟಾಬೇಸ್ ಮುಟ್ಟುವುದಕ್ಕಿಂತ ಮೊದಲು ಆಗಬೇಕು. ಟೇಬಲ್‌ಗಳೆಲ್ಲ ಹೊಸ ರೂಪಕ್ಕೆ ಬದಲಾದ ಮೇಲೆ ಕೋಡ್ ಓಡಲ್ಲ ಅಂತ ಗೊತ್ತಾದರೆ ಗ್ರಾಹಕರ ಬಿಲ್ಲಿಂಗ್ ನಿಲ್ಲುತ್ತದೆ. ಹಿಂದಕ್ಕೂ ಹೋಗಲಾಗದು, ಮುಂದಕ್ಕೂ ಹೋಗಲಾಗದು. ಆ ಚೆಕ್ ಇರುವ ಫೈಲನ್ನು ಹಳೇ ಸಿಂಟ್ಯಾಕ್ಸ್‌ನಲ್ಲೇ ಬರೆಯಿರಿ. ಅದರಲ್ಲಿ ಈನಮ್ ಹಾಕಿದರೆ 7.4ರಲ್ಲಿ ಚೆಕ್ ಓಡುವ ಮೊದಲೇ ಪಾರ್ಸ್ ಎರರ್ (ಕೋಡನ್ನೇ ಓದಲಾಗದ ದೋಷ) ಬರುತ್ತದೆ. ಮೆಸೇಜ್ ಕೂಡ ಗ್ರಾಹಕರಿಗೆ ತಿಳಿಯುವ ಹಾಗಿರಲಿ: "ಈ ವರ್ಷನ್‌ಗೆ ಪಿಎಚ್‌ಪಿ 8.1 ಬೇಕು. ನಿಮ್ಮಲ್ಲಿ 7.4 ಇದೆ. ಏನನ್ನೂ ಬದಲಿಸಿಲ್ಲ. ಹಳೇ ವರ್ಷನ್ ಹಾಗೇ ಓಡುತ್ತದೆ."

ಪ್ರಶ್ನೆ: ನಮ್ಮ ಒಬ್ಬ ದೊಡ್ಡ ಗ್ರಾಹಕರು ರೆಡ್ ಹ್ಯಾಟ್ ಲಿನಕ್ಸ್ 7ಕ್ಕೆ ದುಡ್ಡು ಕೊಟ್ಟು ಹೆಚ್ಚುವರಿ ಸಪೋರ್ಟ್ ತೆಗೆದುಕೊಂಡಿದ್ದಾರೆ. "ರೆಡ್ ಹ್ಯಾಟ್‌ನವರೇ ಪ್ಯಾಚ್ ಕೊಡುತ್ತಿದ್ದಾರೆ, ನಿಮಗೇನು ಕಷ್ಟ" ಅಂತ ಕೇಳುತ್ತಾರೆ.

ಉತ್ತರ: ಮೇಲೆ ಹೇಳಿದ ಅಳತೆಯಲ್ಲಿ ಅವರ ಮಾತಿಗೆ ಅರ್ಥವಿದೆ. ಆದರೆ ರೆಡ್ ಹ್ಯಾಟ್ ಪ್ಯಾಚ್ ಕೊಡುವುದು ತನ್ನ ಪ್ಯಾಕೇಜುಗಳಿಗೆ. ಹೊರಗಿಂದ ತಂದ ಪಿಎಚ್‌ಪಿ 7.4 ಅದರಲ್ಲಿ ಸೇರಿಲ್ಲ. ಮೊದಲು ಅವರ ಪಿಎಚ್‌ಪಿ ಎಲ್ಲಿಯದು ಅಂತ ವಿಚಾರಿಸಿ. ಆಮೇಲೂ ಹಳೆಯದೇ ಬೇಕು ಅಂದರೆ ರೆಡ್ ಹ್ಯಾಟ್‌ಗೆ ಕೊಟ್ಟ ಹಾಗೆ ನಿಮಗೂ ಕೊಡಲಿ. ಹಳೇ ಬ್ರ್ಯಾಂಚ್ (ಕೋಡಿನ ಹಳೇ ಕವಲು) ನೋಡಿಕೊಳ್ಳಲು ವರ್ಷಕ್ಕಿಷ್ಟು ಅಂತ ಬೇರೆಯದೇ ಕೊಟೇಶನ್ ಕಳಿಸಿ. ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ) ಸೇರಿಸಬೇಡಿ.